ಕಾಲಿಟ್ಟರೆ ಕರ ಕರ ಅನ್ನುವ ವಾಲ್ಯೂಮ್ ಪೆಡಲ್

ಪ್ರಶ್ನೆ: ನಮ್ಮೂರಿನ ಭಜನೆ ಮಂದಿರದಲ್ಲಿ ಸ್ಟೀಲ್ ಗಿಟಾರ್ ನುಡಿಸುತ್ತೇನೆ. ವಾಲ್ಯೂಮ್ ಪೆಡಲ್ ಹಳೆಯದು, ಒಳಗೆ ದಾರ ಸುತ್ತಿದ ನಮೂನೆಯದು. ಈ ಮಳೆಗಾಲದಿಂದ ಕಾಲು ಆಡಿಸಿದಾಗಲೆಲ್ಲ ಕರ ಕರ ಸದ್ದು, ಒಂದು ಜಾಗದಲ್ಲಂತೂ ಸ್ವರವೇ ಕಡಿದುಹೋಗುತ್ತದೆ. ಕ್ಲೀನರ್ ಸ್ಪ್ರೇ ಹೊಡೆದೆ, ಎರಡು ವಾರ ಸರಿಯಿತ್ತು, ಮತ್ತೆ ಅದೇ. ರೇಡಿಯೋ ಅಂಗಡಿಯಲ್ಲಿ 100ಕೆ ಪಾಟ್ (ದಾರ ತಿರುಗಿಸುವ, ಸದ್ದು ಏರಿಳಿಸುವ ಬಿಡಿಭಾಗ) ಕೊಟ್ಟು ಎಲ್ಲ ಒಂದೇ ಅಂದರು. ಹಾಕಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಆ 100ಕೆ (ಕೆ ಅಂದರೆ ಕಿಲೋಓಮ್, ಕರೆಂಟಿಗೆ ಒಡ್ಡುವ ತಡೆಯ ಅಳತೆ) ಹಾಕಬೇಡಿ. ಗಿಟಾರಿನ ತಂತಿಯ ಕಂಪನವನ್ನು ಕರೆಂಟಾಗಿಸುವ ಪಿಕಪ್‌ನಿಂದ ನೇರವಾಗಿ ಪೆಡಲ್‌ಗೆ ವಯರ್ ಬರುವುದಾದರೆ 500ಕೆ ಬೇಕು. ಅದಕ್ಕಿಂತ ತುಂಬ ಕಡಿಮೆಯದು ಹಾಕಿದರೆ ತಂತಿಯ ಹೊಳಪೆಲ್ಲ ಹೋಗಿ ಸ್ವರ ಮಂಕಾಗುತ್ತದೆ. ಜೊತೆಗೆ 'ಆಡಿಯೋ' ಅಥವಾ 'ಲಾಗ್' ಅಂತಲೇ ಕೇಳಿ, ಅಂದರೆ ಕಿವಿಗೆ ಸದ್ದು ಒಂದೇ ಸಮನೆ ಏರಿದಂತೆ ಕೇಳಿಸುವ ನಮೂನೆ. ಲೀನಿಯರ್ ಸಿಕ್ಕಿದರೆ ಪೆಡಲ್ ಸ್ವಲ್ಪ ಒತ್ತುವಷ್ಟರಲ್ಲಿ ಸದ್ದು ಒಮ್ಮೆಲೇ ಏರಿ, ಆಮೇಲೆ ಎಷ್ಟು ಒತ್ತಿದರೂ ಅಷ್ಟೇ ಅನ್ನಿಸುತ್ತದೆ.

ಸ್ಪ್ರೇ ಕೊಳೆ ತೆಗೆಯುತ್ತದೆ, ಪಾಟಿನೊಳಗೆ ಸವೆದ ಕಾರ್ಬನ್ ಪಟ್ಟಿಯನ್ನು ತಿರುಗಿ ತರುವುದಿಲ್ಲ. ಸ್ಟೀಲ್ ಗಿಟಾರಿನಲ್ಲಿ ತಂತಿ ಮೀಟಿ, ಸ್ವರ ಇಳಿಯುತ್ತಾ ಬಂದ ಹಾಗೆ ಕಾಲಿನಿಂದ ಮೆಲ್ಲ ಏರಿಸುತ್ತಾ ಹೋಗುತ್ತೀರಿ ಅಲ್ವಾ, ಆ ಉದ್ದನೆಯ ಸ್ವರ ಬರುವುದೇ ಹಾಗೆ. ಒಂದು ಭಜನೆ ಮುಗಿಯುವುದರೊಳಗೆ ಪಾಟ್ ನೂರಾರು ಸಲ ತಿರುಗಿರುತ್ತದೆ, ಅದೂ ಅದೇ ನಡುವಿನ ಜಾಗದಲ್ಲಿ. ಸವೆಯದೆ ಇನ್ನೇನು!

ಆದರೂ ಬಿಚ್ಚುವ ಮೊದಲು ಒಮ್ಮೆ ಕಾಲು ಆಡಿಸದೆ ಕೇಬಲ್ ಮಾತ್ರ ಅಲುಗಾಡಿಸಿ ನೋಡಿ. ಆಗಲೂ ಸದ್ದು ಬಂದರೆ ಕೇಬಲ್ ಸಿಕ್ಕಿಸುವ ಜಾಕ್ ಕೂಡ ನೋಡಬೇಕು, ನಮ್ಮ ಕಡೆಯ ಮಳೆಗೆ, ಉಪ್ಪು ಗಾಳಿಗೆ ಜಾಕ್ ಬೇಗ ಕ್ಲಾವು (ಕಿಲುಬು) ಹಿಡಿಯುತ್ತದೆ. ಇನ್ನೊಂದು ಪರೀಕ್ಷೆ: ಕೇಬಲ್ ಎಲ್ಲ ತೆಗೆದು ಓಮ್ ಅಳತೆಗಿಟ್ಟ ಮಲ್ಟಿಮೀಟರಿನ ಒಂದು ಮೊನೆ ಪಾಟಿನ ನಡುವಿನ ಲೋಹದ ಕಾಲಿಗೆ, ಇನ್ನೊಂದು ಅಂಚಿನ ಕಾಲಿಗೆ ಹಿಡಿದು ಪೆಡಲ್ ನಿಧಾನಕ್ಕೆ ಒತ್ತಿ. ಅಂಕಿ ಒಂದೇ ಸಮನೆ ಏರಬೇಕು ಇಲ್ಲವೇ ಇಳಿಯಬೇಕು. ನಡುವೆ ಎಲ್ಲಿ ಹಾರುತ್ತದೋ ಅಲ್ಲೇ ಸವೆದಿದೆ.

ಬಿಚ್ಚುವಾಗ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ವಯರ್‌ಗಳದ್ದೂ, ದಾರ ಎಷ್ಟು ಸುತ್ತು, ಯಾವ ಕಡೆಯಿಂದ ಅನ್ನುವುದರದ್ದೂ. ಸಾಮಾನ್ಯವಾಗಿ ಗಿಟಾರಿನಿಂದ ಬಂದದ್ದು ಒಂದು ಅಂಚಿಗೆ, ಆಂಪ್‌ಗೆ ಹೋಗುವುದು ನಡುವಿಗೆ, ಅರ್ತ್ ಇನ್ನೊಂದು ಅಂಚಿಗೆ. ಅಂಚಿನ ಎರಡು ಅದಲುಬದಲಾದರೆ ಪೆಡಲ್ ಒತ್ತಿದಾಗ ಸದ್ದು ಇಳಿಯುತ್ತದೆ. ಬೆಸುಗೆ ಹಾಕುವಾಗ ಕಾದ ಐರನ್ ಜಾಸ್ತಿ ಹೊತ್ತು ಇಡಬೇಡಿ, ಹೊಸ ಪಾಟ್ ಅಲ್ಲೇ ಹಾಳಾಗುತ್ತದೆ. ಪಾಟಿನ ತಿರುಗುವ ಕಡ್ಡಿ, ಅಂದರೆ ಶಾಫ್ಟ್ ಎಷ್ಟು ದಪ್ಪ ಅಂತ ಕೂಡ ಅಳೆದು ತನ್ನಿ: ಅಮೆರಿಕದ ಪೆಡಲ್‌ಗಳಲ್ಲಿ ಹೆಚ್ಚಾಗಿ 6.35 ಮಿ.ಮೀ., ಇಲ್ಲಿ ಸಿಗುವುದು 6 ಮಿ.ಮೀ. ಅಷ್ಟು ವ್ಯತ್ಯಾಸಕ್ಕೇ ಅದರ ಮೇಲೆ ಕೂರುವ, ದಾರ ಸುತ್ತಿದ ರಾಟೆ ಜಾರುತ್ತದೆ.

ಜನ ಎಡವುವುದು ದಾರ ಕಟ್ಟುವಾಗ. ಹಿಮ್ಮಡಿ ಪೂರ್ತಿ ಕೆಳಗಿದ್ದಾಗ ಪಾಟ್ ಸೊನ್ನೆಯಲ್ಲಿರಬೇಕು. ಮುಂಗಾಲು ಪೂರ್ತಿ ಒತ್ತಿದಾಗ ಮೊದಲು ನಿಲ್ಲಬೇಕಾದ್ದು ಪೆಡಲ್, ಪಾಟ್ ಅಲ್ಲ. ಪಾಟ್ ಮೊದಲು ತುದಿ ಮುಟ್ಟಿದರೆ ಕಾಲಿನ ಭಾರವೆಲ್ಲ ಅದರ ಮೇಲೆ ಬಿದ್ದು ಒಳಗಿನ ತಡೆ ಮುರಿಯುತ್ತದೆ. ಮೀನಿನ ಗಾಳದ ಸಾದಾ ನೈಲಾನ್ ದಾರ ಬೇಡ, ಅದು ಎಳೆದಷ್ಟೂ ಹಿಗ್ಗುತ್ತದೆ. ಹೆಣೆದ ದಾರ ಹಾಕಿ.

ಇಷ್ಟೆಲ್ಲ ಮಾಡಿ ಹೊಸ ಪಾಟಿನಲ್ಲೂ ಕರ ಕರ ಬಂದರೆ, ಗಿಟಾರಿಗೂ ಪೆಡಲ್‌ಗೂ ನಡುವೆ ಪ್ರೀಆಂಪ್ (ಗಿಟಾರಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಸಾಧನ) ಏನಾದರೂ ಇದೆಯಾ ನೋಡಿ. ಅದರ ಕೆಪಾಸಿಟರ್ ಸೋರಿ ಡಿಸಿ ಕರೆಂಟ್ ಪೆಡಲ್‌ಗೆ ಬಂದರೂ ಇದೇ ಸದ್ದು. ಆಗ ರಿಪೇರಿಗೆ ಕೊಡಬೇಕಾದ್ದು ಪ್ರೀಆಂಪನ್ನು.