ನಾನೂ ಸ್ವಯಂಸೇವಕಿಯಾಗಿರುವ ಸ್ಕೌಟ್ ಗುಂಪಿನಲ್ಲಿ ಮಗನನ್ನು ಅವನ ಪಾಡಿಗೆ ಬಿಡುವುದು ಹೇಗೆ?

ನೀವು ಪಕ್ಕದಲ್ಲಿದ್ದರೆ ಮಗ ಬಾಯೇ ಬಿಡುವುದಿಲ್ಲ, ನೀವು ಹೋಗದ ದಿನ ಎಲ್ಲರ ಜೊತೆ ಚೆನ್ನಾಗಿ ಬೆರೆಯುತ್ತಾನೆ ಅಂತ ಬರೆದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ. ಅವನಿಗೆ ನಿಮ್ಮ ಮೇಲೆ ಪ್ರೀತಿ ಕಮ್ಮಿಯಾಗಿದೆ ಅಂತ ಅಲ್ಲ.

ನನ್ನ ಮಗಳಿಗೆ ಆಗ 11 ವರ್ಷ. ಒಂದು ಕ್ಯಾಂಪ್‌ನಲ್ಲಿ ಅವಳ ತಂಡ ಟೆಂಟ್ ಕಟ್ಟುತ್ತಿತ್ತು. ಗೂಟಕ್ಕೆ ಅವಳು ಹಾಕಿದ ಗಂಟು ಸಡಿಲವಾಗಿತ್ತು. ನೋಡಿಕೊಂಡು ಸುಮ್ನೆ ಇರಲಾಗದೆ ನಾನೇ ಹೋಗಿ ಬಿಚ್ಚಿ, ಬಿಗಿಯಾಗಿ ಕಟ್ಟಿಬಿಟ್ಟೆ. ಅವಳು ಏನೂ ಹೇಳಲಿಲ್ಲ. ಹಗ್ಗದಿಂದ ಕೈ ತೆಗೆದು ಹಿಂದೆ ಸರಿದು ನಿಂತಳು. ಆಮೇಲೆ ಗೆಳತಿಯರೆಲ್ಲ ಗಂಟು ಹಾಕಲು ನನ್ನನ್ನೇ ಕರೆದರು, ಅವಳನ್ನಲ್ಲ. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಗಂಟು ಬಿಚ್ಚಿ ಟೆಂಟ್ ಜೋತುಬಿದ್ದಿದ್ದರೆ ಏನಾಗುತ್ತಿತ್ತು? ಅವರೇ ಎದ್ದು ಇನ್ನೊಮ್ಮೆ ಕಟ್ಟುತ್ತಿದ್ದರು, ಅಷ್ಟೇ.

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ, ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್ ಮೊದಲ ಸ್ಕೌಟ್ ಕ್ಯಾಂಪ್ ನಡೆಸಿದಾಗಲೇ ಹುಡುಗರನ್ನು 4 ತಂಡ ಮಾಡಿ, ಒಂದೊಂದು ತಂಡಕ್ಕೂ ಒಬ್ಬ ಹುಡುಗನನ್ನೇ ಲೀಡರ್ ಮಾಡಿದ್ದರು. ಆ ಲೀಡರ್ ಪಕ್ಕದಲ್ಲಿ ಅಮ್ಮ ನಿಂತು ಹೇಳಿಕೊಡುತ್ತಿದ್ದರೆ ತಂಡ ಯಾರ ಮಾತು ಕೇಳುತ್ತದೆ ಹೇಳಿ?

ಹಾಗಾಗಿ ಮೊದಲು ಬೇರೆ ತಂಡದ ಜವಾಬ್ದಾರಿ ಕೇಳಿ ಪಡೆಯಿರಿ. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ. ಮಗ ಏನಾದರೂ ಕೇಳಲು ಓಡಿಬಂದರೆ "ನಿಮ್ಮ ಲೀಡರ್‌ನ ಕೇಳು" ಅನ್ನಿ. ಮನೆಯಲ್ಲಿ ಕರೆಯುವ ಮುದ್ದಿನ ಹೆಸರು ಅಲ್ಲಿ ಬೇಡ. ವಾಪಸ್ ಬರುವಾಗ ದಾರಿಯುದ್ದಕ್ಕೂ ವಿಚಾರಣೆ ಮಾಡಬೇಡಿ. ಸುಮ್ಮನಿದ್ದರೆ ಅವನೇ ಒಂದೊಂದಾಗಿ ಹೇಳುತ್ತಾನೆ.

ಆದರೆ ನೀರು, ಬೆಂಕಿ, ಪೆಟ್ಟು, ಯಾರಾದರೂ ಅವನನ್ನು ಹೆದರಿಸುವುದು, ಇಂಥದ್ದಕ್ಕೆ ಮಧ್ಯೆ ಬರಲೇಬೇಕು. ಅಲ್ಲಿ ಹಿಂಜರಿಯಬೇಡಿ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮರೆಯಲ್ಲಿ ಒಬ್ಬರೇ ಇರದ ಹಾಗೆ ನೋಡಿಕೊಳ್ಳುತ್ತಾರಾ ಅಂತ ಗುಂಪು ನಡೆಸುವವರನ್ನು ಮೊದಲೇ ಕೇಳಿ. ಆ ಧೈರ್ಯ ಇದ್ದರೆ ದೂರ ನಿಲ್ಲುವುದು ನಿಮಗೂ ಸುಲಭ.

ಇನ್ನೊಂದು, ಇದನ್ನೆಲ್ಲ ನೀವೊಬ್ಬರೇ ಕೂತು ತೀರ್ಮಾನ ಮಾಡಬೇಡಿ. ಮುಂದಿನ ವಾರ ಹೊರಡುವ ಮುಂಚೆ "ನಾನು ಬರಲಾ, ಬೇಡವಾ?" ಅಂತ ಅವನನ್ನೇ ಕೇಳಿ. ಬೇಡ ಅಂದರೆ ಯಾಕೆ ಅಂತ ಕೆದಕದೆ, ಗೇಟಿನ ತನಕ ಬಿಟ್ಟು ಬನ್ನಿ.