ಮನೆಯಲ್ಲಿ ತುಳು ಮಾತಾಡುವ 2ನೇ ತರಗತಿ ಮಕ್ಕಳಿಗೆ ಕನ್ನಡ ಓದು ಕಲಿಸಲು ಆನ್‌ಲೈನ್ ಕಥೆಗಳನ್ನು ಹೇಗೆ ಬಳಸುವುದು?

ಒಂದೇ ಚಿಕ್ಕ ಕಥೆ ಆರಿಸಿ, ಅದನ್ನೇ ಮೂರ್ನಾಲ್ಕು ದಿನ ಓದಿಸಿ. ಕಿವಿಗೆ ಬಿದ್ದ ಪದವೂ ಕಣ್ಣಿಗೆ ಕಂಡ ಅಕ್ಷರವೂ ಒಟ್ಟಿಗೆ ಸೇರಿದರೆ ಮಾತ್ರ ಓದು ಬರುತ್ತದೆ. ಉಡುಪಿ, ಮಂಗಳೂರು ಕಡೆ ತುಳು, ಬ್ಯಾರಿ, ಕೊಂಕಣಿ ಮನೆಮಾತಿನ ಮಕ್ಕಳೇ ಬಹಳ. ಕನ್ನಡದ ಪದವೇ ಹೊಸತಾದರೆ ಅಕ್ಷರ ಕೂಡಿಸಿ ಓದಿದರೂ ಅರ್ಥ ಹೊಳೆಯುವುದಿಲ್ಲ. ಅದಕ್ಕೇ ಮೊದಲ ದಿನ ಚಿತ್ರ ತೋರಿಸಿ, ಏನಾಗುತ್ತಿದೆ ಎಂದು ತುಳುವಿನಲ್ಲೇ ಮಾತಾಡಿಸಿ. ಇದು ಸಮಯ ಹಾಳಲ್ಲ.

ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತ. ಓದಿನ 1ನೇ ಹಂತದ್ದು ಸಾಕು. ಮಳೆಗಾಲದಲ್ಲಿ ನೆಟ್ ನಂಬುವಂತಿಲ್ಲ, ಹಿಂದಿನ ದಿನವೇ ಪಿಡಿಎಫ್ ಇಳಿಸಿಟ್ಟುಕೊಳ್ಳಿ. ಪ್ರೊಜೆಕ್ಟರ್‌ನಲ್ಲಿ ತೋರಿಸುವಾಗ ಕೊನೆಯ ಬೆಂಚಿಗೂ ಕಾಣುವಷ್ಟು ಅಕ್ಷರ ದೊಡ್ಡದು ಮಾಡಿ.

ಎರಡನೇ ದಿನ ಪ್ರತಿ ಪದದ ಕೆಳಗೆ ಕೋಲಿಟ್ಟು ನಿಧಾನವಾಗಿ ಓದಿ, ಮಕ್ಕಳೂ ಜೊತೆಗೆ ಹೇಳಲಿ. ಅರ್ಕಾವತ್ತು ಬಂದಲ್ಲಿ ನಿಲ್ಲಿ: ‘ಸೂರ್ಯ’ ಪದದಲ್ಲಿ ರ್ ಗುರುತು ‘ಯ’ದ ನಂತರ ಇದೆ, ಉಚ್ಚಾರ ಮಾತ್ರ ಮೊದಲು. ಎಡದಿಂದ ಬಲಕ್ಕೆ ಓದುವ ಮಗು ‘ಸೂಯ್ರ’ ಎನ್ನುವುದು ಇದಕ್ಕೇ. ಮಹಾಪ್ರಾಣ ಬಂದಲ್ಲೂ ನಿಲ್ಲಿ, ತುಳು ಮಾತಿನಲ್ಲಿ ಅದು ಕಡಿಮೆ. ‘ದನ’, ‘ಧನ’ ಎರಡನ್ನೂ ಹೇಳಿಸಿ ತೋರಿಸಿ.

ಕೆಡುವುದು ಎಲ್ಲಿ ಎಂದರೆ, ಮಕ್ಕಳು ಚಿತ್ರ ನೋಡಿ ಬಾಯಿಪಾಠ ಒಪ್ಪಿಸುತ್ತಾರೆ, ಓದು ಬಂತು ಎಂದು ಟೀಚರ್‌ಗೆ ಅನಿಸುತ್ತದೆ. ಆದ್ದರಿಂದ ಕೊನೆಯ ದಿನ ಪ್ರೊಜೆಕ್ಟರ್ ಬಂದ್ ಮಾಡಿ. ಅದೇ ವಾಕ್ಯಗಳನ್ನು ಕ್ರಮ ಬದಲಿಸಿ ಬೋರ್ಡಿನಲ್ಲಿ ಬರೆದು ಒಬ್ಬೊಬ್ಬರಿಂದಲೇ ಓದಿಸಿ. ತಡವರಿಸಿದ ಪದಗಳನ್ನು ಮರುದಿನದ ಉಕ್ತಲೇಖನಕ್ಕೆ ಕೊಡಿ.