ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆಯುವ ಮುನ್ನ

ಪೀಣ್ಯದ ಓದುಗರೊಬ್ಬರು ಬರೆದಿದ್ದಾರೆ. 31 ವರ್ಷ ಟರ್ನರ್ ಆಗಿ ದುಡಿದವರು, ಯೂನಿಯನ್ ಪದಾಧಿಕಾರಿಯೂ ಆಗಿದ್ದವರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: “ಹೋದ ಸಂಚಿಕೆಯಲ್ಲಿ ಮ್ಯಾನೇಜ್‌ಮೆಂಟ್ ಪರ ವಾದಿಸುವ ಲೇಬರ್ ವಕೀಲರೊಬ್ಬರ ಸಂದರ್ಶನಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ಜನರನ್ನು ಕೆಲಸದಿಂದ ತೆಗೆಯುವುದು ಹೇಗೆ ಅಂತ ಹೇಳಿಕೊಡುವುದೇ ಅವರ ಕಸುಬು. ನೀವೂ ಮಾಲೀಕರ ಕಡೆ ಸೇರಿಕೊಂಡಿರಾ? ಅವರು ಒಮ್ಮೆಯಾದರೂ ಕಾರ್ಮಿಕನ ಪರ ನಿಂತಿದ್ದಾರಾ, ಕೇಳಿ ಹೇಳಿ. ನನ್ನ ಮಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ನೀನಾಗಿಯೇ ರಾಜೀನಾಮೆ ಕೊಡು ಅಂತ ಅವನ ಮೇಲೆ ಈಗ ಒತ್ತಡ ಹಾಕುತ್ತಿದ್ದಾರೆ.”

ಹಿರಿಯರೇ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಒಂದು ಪ್ರಶ್ನೆಯನ್ನು ಆ ವಕೀಲರಿಗೇ ಕೇಳಬೇಕಿತ್ತು, ಅದಕ್ಕೇ ತಡವಾಯಿತು. ಅದು ಕೊನೆಗೆ ಬರುತ್ತದೆ. ಮೊದಲು ಬೈಗುಳಕ್ಕೆ ಉತ್ತರ.

‘ಮಾಲೀಕರ ಕಡೆ ಸೇರಿಕೊಂಡಿರಾ’ ಎಂದಿರಿ. ನಿಜ ಹೇಳಬೇಕೆಂದರೆ ನಾನೂ ಒಬ್ಬ ಸಣ್ಣ ಮಾಲೀಕನೇ. ಈ ಪತ್ರಿಕೆಯಲ್ಲಿ ಸಂಬಳಕ್ಕೆ ಇರುವ ಹದಿನೇಳು ಜನರನ್ನು ಸೇರಿಸಿಕೊಳ್ಳುವವನೂ ಕಳಿಸುವವನೂ ನಾನೇ. ಕೆಲವು ವರ್ಷದ ಹಿಂದೆ ನಮ್ಮ ಪುಟ ಕಟ್ಟುವ ಹುಡುಗ ಹೇಳದೆ ಕೇಳದೆ ಹನ್ನೆರಡು ದಿನ ಬರಲಿಲ್ಲ. ಸಂಚಿಕೆ ತಡವಾಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಹೊಡೆದುಹಾಕಿ ಎಂದು ಮ್ಯಾನೇಜರ್‌ಗೆ ಹೇಳಿದೆ. ಅವರು ಭಯಸ್ಥರು, ಮೊದಲು ಒಬ್ಬ ವಕೀಲರಿಗೆ ಫೋನ್ ಮಾಡಿದರು. ಆ ವಕೀಲರು ನನ್ನನ್ನೇ ಲೈನಿಗೆ ಕರೆದು ಕೇಳಿದ್ದು ಎರಡೇ ಮಾತು. “ಮನೆ ವಿಳಾಸಕ್ಕೆ ಪತ್ರ ಬರೆದಿರಾ? ಯಾಕೆ ಬರಲಿಲ್ಲ ಅಂತ ಅವನನ್ನು ಕೇಳಿದಿರಾ?” ಎರಡೂ ಇಲ್ಲ. ರಿಜಿಸ್ಟರ್ ಪೋಸ್ಟಿನಲ್ಲಿ ಪತ್ರ ಹೋಯಿತು. ನಾಲ್ಕನೇ ದಿನ ಹುಡುಗ ಬಂದು ನಿಂತ. ರಜಾ ಚೀಟಿ ಕೊಟ್ಟೇ ಹೋಗಿದ್ದನಂತೆ. ಹುಡುಕಿದರೆ ಅದು ನಮ್ಮದೇ ವಾಚ್‌ಮನ್ ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು. ಅವನು ಇವತ್ತಿಗೂ ಇಲ್ಲೇ ಇದ್ದಾನೆ. ನಿಮ್ಮ ಪತ್ರವನ್ನು ಪುಟಕ್ಕೆ ಕೂರಿಸಿದವನೂ ಅವನೇ.

ಆ ಎರಡು ಪ್ರಶ್ನೆ ವಕೀಲರು ಸುಮ್ನೆ ಕೇಳಿದ್ದಲ್ಲ. ಅದರ ಹಿಂದೆ ಡಿ.ಕೆ. ಯಾದವ್ ವಿರುದ್ಧ ಜೆ.ಎಂ.ಎ. ಇಂಡಸ್ಟ್ರೀಸ್ ಪ್ರಕರಣ ಇತ್ತು. ಇಷ್ಟು ದಿನ ಗೈರಾದರೆ ಕೆಲಸ ತಾನಾಗಿಯೇ ಹೋಯಿತು ಎಂಬ ಸ್ಥಾಯಿ ಆದೇಶದ, ಅಂದರೆ ಕಂಪನಿಯ ಸೇವಾ ನಿಯಮದ, ಕಲಮು ತೋರಿಸಿ ಕಂಪನಿ ಯಾದವ್ ಎಂಬ ಕಾರ್ಮಿಕನನ್ನು ಹೊರಗೆ ಹಾಕಿತ್ತು. ಗೇಟಿನಲ್ಲಿ ನನ್ನನ್ನು ಒಳಗೇ ಬಿಡಲಿಲ್ಲ ಎಂಬುದು ಅವನ ವಾದ. ವಿಚಾರಣೆ ಮಾಡದೆ ಹೀಗೆ ಹೆಸರು ಹೊಡೆಯುವುದು ಬದುಕುವ ಹಕ್ಕಿಗೇ ಪೆಟ್ಟು ಎಂದು 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅರ್ಧ ಹಿಂಬಾಕಿ ಸಂಬಳದ ಜೊತೆ ಕೆಲಸವನ್ನೂ ವಾಪಸ್ ಕೊಡಿಸಿತು. ಈ ತೀರ್ಪು ಯೂನಿಯನ್ ಆಫೀಸಿನಲ್ಲಿ ನಿಮಗೆ ಬಾಯಿಪಾಠ ಇದ್ದಿರಬಹುದು. ಸಿಟ್ಟಿನಲ್ಲಿರುವ ಮಾಲೀಕನಿಗೆ ಇದನ್ನು ಯಾರು ಹೇಳಬೇಕು? ನೀವು ಹೇಳಿದರೆ ಅವನು ಕೇಳುವುದಿಲ್ಲ. ಅವನೇ ದುಡ್ಡು ಕೊಟ್ಟು ಇಟ್ಟುಕೊಂಡ ವಕೀಲ ಹೇಳಿದರೆ ಕೇಳುತ್ತಾನೆ.

ಮಾಲೀಕ ಅಂದರೆ ಯಾವಾಗಲೂ ದೊಡ್ಡ ಕಾರ್ಖಾನೆಯವನೂ ಅಲ್ಲ. ನಮ್ಮ ಬೆಂಗಳೂರು ಜಲಮಂಡಳಿಯೇ ಒಂದು ಕಾಲಕ್ಕೆ ‘ನಾವು ಉದ್ಯಮವೇ ಅಲ್ಲ, ಕೈಗಾರಿಕಾ ವಿವಾದ ಕಾಯ್ದೆ ನಮಗೆ ಹತ್ತುವುದಿಲ್ಲ’ ಎಂದು ವಾದಿಸಿತ್ತು. 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನಿಂದ ಆಸ್ಪತ್ರೆ, ಕಾಲೇಜು, ಕ್ಲಬ್ಬುಗಳೂ ಆ ಕಾಯ್ದೆಯ ಬಲೆಗೆ ಬಿದ್ದವು. ಲಾಯರ್ ಆಫೀಸಿನ ಬೆಂಚಿನ ಮೇಲೆ ಕಾಯುತ್ತಾ ಕೂತವರಲ್ಲಿ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನ ಡಾಕ್ಟರೂ ಇರುತ್ತಾರೆ, ನನ್ನಂಥ ಪತ್ರಿಕೆಯವನೂ ಇರುತ್ತಾನೆ.

‘ತೆಗೆಯುವುದು ಹೇಗೆ ಅಂತ ಹೇಳಿಕೊಡುವ ಕಸುಬು’ ಎಂದಿರಿ. ಅದು ಪೂರ್ತಿ ಸುಳ್ಳಲ್ಲ. ಆದರೆ ಹೇಳಿಕೊಡುವುದು ಏನನ್ನು ಅಂತ ನೋಡಿ. ಕೆಲಸ ಕಡಿಮೆಯಾಯಿತು, ಜನ ಜಾಸ್ತಿ ಆದರು ಅಂತ ಮಾಲೀಕ ಬಂದರೆ ವಕೀಲರು ಅದೇ 1947ರ ಕೈಗಾರಿಕಾ ವಿವಾದ ಕಾಯ್ದೆಯ 25-ಎಫ್ ಕಲಮು ತೆಗೆಯುತ್ತಿದ್ದರು. ಒಂದು ವರ್ಷ, ಅಂದರೆ ಲೆಕ್ಕದಲ್ಲಿ 240 ದಿನ ದುಡಿದವನಿಗೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ. ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದಂತೆ ಪರಿಹಾರ. ಸರ್ಕಾರಕ್ಕೂ ತಿಳಿಸಬೇಕು. ಮುಖ್ಯ ವಿಷಯ ಏನೆಂದರೆ ಮೊದಲು ದುಡ್ಡು, ಆಮೇಲೆ ಬಿಡುಗಡೆ. ‘ಮುಂದಿನ ತಿಂಗಳು ಸೆಟ್ಲ್ ಮಾಡ್ತೀವಿ’ ಅಂದರೆ ಆ ಆದೇಶ ನಿಲ್ಲುವುದಿಲ್ಲ. ಎಷ್ಟೋ ಕೇಸು ಮಾಲೀಕರು ಸೋತಿರುವುದು ಇದೊಂದೇ ಕಾರಣಕ್ಕೆ.

ಇನ್ನು ತಪ್ಪು ಮಾಡಿದವನ ವಿಷಯ. ಚಾರ್ಜ್‌ಶೀಟ್, ಉತ್ತರ, ಎನ್‌ಕ್ವೈರಿ ಆಫೀಸರ್, ಸಾಕ್ಷಿ, ಪಾಟೀ ಸವಾಲು. ಇದೆಲ್ಲ ನಿಮಗೆ ಗೊತ್ತಿರುವುದೇ, ನೀವೇ ಎಷ್ಟೋ ಜನರ ಪಕ್ಕದಲ್ಲಿ ಕೂತಿರುತ್ತೀರಿ. ಎನ್‌ಕ್ವೈರಿ ಕೆಟ್ಟರೆ ಲೇಬರ್ ಕೋರ್ಟಿನಲ್ಲಿ ಮೊದಲಿಂದ ಸಾಕ್ಷಿ ಕೊಟ್ಟು ತಪ್ಪು ಸಾಬೀತು ಮಾಡಲು ಮ್ಯಾನೇಜ್‌ಮೆಂಟಿಗೆ ಎರಡನೇ ಅವಕಾಶ ಇದೆ. ತಪ್ಪು ಸಾಬೀತಾದರೂ ಶಿಕ್ಷೆ ಕಡಿಮೆ ಮಾಡುವ ಅಧಿಕಾರ 1971ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಅದೇ ಕಾಯ್ದೆಯ 11-ಎ ಕಲಮಿನಿಂದ ಕೋರ್ಟಿಗೆ ಬಂತು. ಆದ್ದರಿಂದ ಒಳ್ಳೆ ವಕೀಲ ಕೇಳುವ ಪ್ರಶ್ನೆ ‘ತಪ್ಪು ಮಾಡಿದ್ದಾನಾ’ ಅನ್ನುವುದಷ್ಟೇ ಅಲ್ಲ. ‘ಈ ತಪ್ಪಿಗೆ ಇಷ್ಟು ಶಿಕ್ಷೆಯಾ’ ಎಂದೂ ಕೇಳುತ್ತಾರೆ.

ಪುಣೆಯ ಭಾರತ್ ಫೋರ್ಜ್ ಪ್ರಕರಣ ನೋಡಿ. 1983ರ ಆಗಸ್ಟ್‌ನ ಒಂದು ದಿನ ಬೆಳಗ್ಗೆ 11.40ಕ್ಕೆ ಒಬ್ಬ ಕಾರ್ಮಿಕ ಕಬ್ಬಿಣದ ತಗಡಿನ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದ. ಹಿಂದೆಯೂ ಮೂರು ಸಲ ಸಿಕ್ಕಿಬಿದ್ದಿದ್ದವನು. ವಿಚಾರಣೆ ನಡೆಸಿ ವಜಾ ಮಾಡಿದರು. ವಜಾ ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ 2005 ಬಂದಿತ್ತು. ಮಾಲೀಕ ಗೆದ್ದ ಅನ್ನಿ. ಒಂದು ನಿದ್ದೆಗೆ ಇಪ್ಪತ್ತೊಂದು ವರ್ಷ! ಅಷ್ಟು ಹೊತ್ತಿಗೆ ಚಾರ್ಜ್‌ಶೀಟಿಗೆ ಸಹಿ ಹಾಕಿದವರೇ ರಿಟೈರ್ ಆಗಿದ್ದರೇನೋ. ‘ರಾಜಿ ಮಾಡಿಕೊಳ್ಳಿ ಸ್ವಾಮಿ’ ಅಂತ ಮ್ಯಾನೇಜ್‌ಮೆಂಟ್ ವಕೀಲರು ತಮ್ಮ ಕಕ್ಷಿದಾರರಿಗೆ ದುಂಬಾಲು ಬೀಳುವುದು ಇಂಥ ಲೆಕ್ಕ ನೋಡಿಯೇ.

ನಿಮ್ಮ ಸಿಟ್ಟಿನಲ್ಲಿ ನನಗೆ ಒಪ್ಪಿಗೆಯಾಗುವ ಭಾಗವೂ ಇದೆ. ಸಂದರ್ಶನದಲ್ಲಿ ನಾವು ಅದನ್ನು ಒತ್ತಿ ಕೇಳಬೇಕಿತ್ತು, ಕೇಳಲಿಲ್ಲ. ಆ ತಪ್ಪು ನನ್ನದು. ಕಾಲವೇ ಮಾಲೀಕನ ಕೈಯಲ್ಲಿರುವ ದೊಡ್ಡ ಆಯುಧ. ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ ಎಂದು ಲೇಬರ್ ಕೋರ್ಟ್ ಹೇಳಿದರೂ ಹೈಕೋರ್ಟಿಗೆ ಹೋಗಬಹುದು. ಆ ಅವಧಿಯಲ್ಲಿ 1947ರ ಕಾಯ್ದೆಯ 17-ಬಿ ಕಲಮಿನ ಪ್ರಕಾರ ಸಂಬಳ ಕೊಡಬೇಕಿತ್ತು ನಿಜ. ಆದರೆ ಯಾವ ಸಂಬಳ? ಅವನು ಕೊನೆಗೆ ಪಡೆದ ಸಂಬಳ. ಹದಿನೈದು ವರ್ಷದ ಹಿಂದೆ ಮನೆ ನಡೆಸಿದ ದುಡ್ಡು ಇವತ್ತು ಬಾಡಿಗೆಗೂ ಸಾಲುವುದಿಲ್ಲ. ಅದನ್ನೂ ಬೇರೆಲ್ಲೂ ದುಡಿಯುತ್ತಿಲ್ಲ ಎಂದು ಅಫಿಡವಿಟ್ ಕೊಟ್ಟ ಮೇಲೆಯೇ ಪಡೆಯಬೇಕು. ಹಳೇ ತಾರೀಕು ಹಾಕಿ ನೋಟಿಸ್ ತಯಾರಿಸುವವರು, ಗುಮಾಸ್ತನಿಗೆ ‘ಮ್ಯಾನೇಜರ್’ ಎಂಬ ಹಣೆಪಟ್ಟಿ ಕಟ್ಟಿ ಅವನು ಕಾರ್ಮಿಕನೇ ಅಲ್ಲ ಎಂದು ವಾದ ಹೂಡುವವರು, ಮುದ್ದತ್ತಿನ ಮೇಲೆ ಮುದ್ದತ್ತು ಕೇಳುವವರು ಎಲ್ಲರೂ ಈ ಕಸುಬಿನಲ್ಲಿದ್ದಾರೆ. ಹಣೆಪಟ್ಟಿ ಏನೇ ಇರಲಿ, ಮಾಡುವ ಕೆಲಸ ಯಾವುದು ಎಂದು ನೋಡುತ್ತೇವೆ ಎಂದು ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಆದರೂ ಆ ವಾದ ಹೂಡುವುದು ನಿಂತಿಲ್ಲ. ಅದರಿಂದ ಕೇಸು ಗೆಲ್ಲದಿದ್ದರೂ ಎರಡು ವರ್ಷವಂತೂ ಸಿಗುತ್ತದೆ, ಅಲ್ವಾ?

ಕಾನೂನಿಗೇ ವಕೀಲರ ಮೇಲೆ ಅನುಮಾನವಿತ್ತು ಅನ್ನುವುದು ನನಗೆ ಸ್ವಾರಸ್ಯದ ಸಂಗತಿ. 1947ರ ಕಾಯ್ದೆಯ 36ನೇ ಕಲಮಿನಲ್ಲಿ ರಾಜಿ ಸಂಧಾನದ ಕೋಣೆಗೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಲೇಬರ್ ಕೋರ್ಟಿನಲ್ಲೂ ಎದುರು ಪಕ್ಷ ಒಪ್ಪಿ, ಕೋರ್ಟ್ ಅನುಮತಿ ಕೊಟ್ಟರೆ ಮಾತ್ರ. ಕಾರ್ಮಿಕನಿಗೆ ದೊಡ್ಡ ವಕೀಲರನ್ನು ಇಡಲು ಆಗುವುದಿಲ್ಲವೆಂದು ಆ ಏರ್ಪಾಡು. ಆದರೆ ಬರಬರುತ್ತಾ ಎರಡೂ ಕಡೆಯವರೂ ವಕೀಲರನ್ನು ಕರೆತಂದರು, ಒಪ್ಪಿಗೆ ಬರೀ ಶಾಸ್ತ್ರವಾಯಿತು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಸಂಧಾನ ನಡೆಯುವಾಗ ವಕೀಲರು ಒಳಗಿಲ್ಲದಿರಬಹುದು. ಎಚ್‌ಆರ್ ಅಧಿಕಾರಿಯ ಕೈಯಲ್ಲಿರುವ ಕಾಗದ ಬರೆದವರು ಯಾರು ಅಂತ ನಿಮಗೂ ಗೊತ್ತು.

ಹಳೇ ಕಾಯ್ದೆಗಳ ಬದಲಿಗೆ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಾಗಿವೆ, ‘ಇನ್ನು ಇವರ ಆಟ ಕೇಳುವವರಿಲ್ಲ’ ಎಂದೂ ಬರೆದಿದ್ದೀರಿ. ಒಂದು ವಿಷಯದಲ್ಲಿ ನಿಮ್ಮ ಆತಂಕ ನಿಜ. ಕಾರ್ಖಾನೆ ಮುಚ್ಚಲು ಅಥವಾ ಜನರನ್ನು ಕಡಿಮೆ ಮಾಡಲು ಸರ್ಕಾರದ ಅನುಮತಿ ಬೇಕಾದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಆದರೆ 1976ರಲ್ಲಿ ಈ ನಿಯಮ ಮೊದಲು ಬಂದಾಗಲೂ ಮಿತಿ 300 ಇತ್ತು. ಆಮೇಲೆ ತಿದ್ದುಪಡಿ ಮಾಡಿ 100ಕ್ಕೆ ಇಳಿಸಿದ್ದರು. ಈಗ ಹೊರಟಲ್ಲಿಗೇ ಬಂದು ನಿಂತಿದೆ. 25-ಎಫ್‌ನ ಒಂದು ತಿಂಗಳ ನೋಟಿಸ್, 15 ದಿನದ ಪರಿಹಾರ ಹೊಸದರಲ್ಲೂ ಇದೆ.

ಈಗ ನಿಮ್ಮ ಪ್ರಶ್ನೆ. ಸಂದರ್ಶನ ಕೊಟ್ಟ ವಕೀಲರಿಗೆ ಫೋನ್ ಮಾಡಿ ಕೇಳಿದೆ. ಮೊದಮೊದಲು ಕಾರ್ಮಿಕರ ಪರ ನಾಲ್ಕೈದು ಕೇಸು ನಡೆಸಿದ್ದರಂತೆ. ಒಂದು ಕಂಪನಿಯ ವಕಾಲತ್ತು ಹಿಡಿದ ಮೇಲೆ ಯೂನಿಯನ್‌ನವರು ಬರುವುದು ನಿಲ್ಲಿಸಿದರು, ಅವರೂ ಹುಡುಕಿಕೊಂಡು ಹೋಗಲಿಲ್ಲ. ಇದಕ್ಕಿಂತ ಅಂದವಾದ ಉತ್ತರ ಕೊಡಬಹುದಿತ್ತು, ಕೊಡಲಿಲ್ಲ.

ನಿಮ್ಮ ಮಗನ ವಿಷಯವನ್ನೂ ಹೆಸರು ಹೇಳದೆ ಕೇಳಿದೆ. ಅದು ನನ್ನ ಅಧಿಕಪ್ರಸಂಗ, ಕ್ಷಮಿಸಿ. ವಜಾ ಆದವರ ಫೈಲು ಬಂದರೆ ಮೊದಲು ಏನು ಹುಡುಕುತ್ತೀರಿ ಅಂದೆ. ಅವರು ಯೋಚನೆಯನ್ನೇ ಮಾಡಲಿಲ್ಲ. “ರಾಜೀನಾಮೆ ಪತ್ರ. ಸಹಿ ಇದ್ದರೆ ನನ್ನ ಕೆಲಸ ಅರ್ಧ ಮುಗಿದ ಹಾಗೆ. ಒತ್ತಾಯದಿಂದ ಬರೆಸಿಕೊಂಡರು ಅಂತ ಆಮೇಲೆ ಅವನೇ ಸಾಬೀತು ಮಾಡಬೇಕು” ಎಂದರು. ಇಂಥ ಮಾತು ಆ ಕಡೆಯವರ ಬಾಯಿಂದಲೇ ಬರಲಿ ಅಂತಲೇ ನಾಲ್ಕು ಪುಟ ಕೊಟ್ಟದ್ದು.

ನಿಮ್ಮ ಮಗ ಇನ್ನೂ ಸಹಿ ಹಾಕಿಲ್ಲದಿದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿ. ಒತ್ತಾಯ ಮಾಡಿದ ದಿನ, ಮಾಡಿದವರ ಹೆಸರು, ಆಡಿದ ಮಾತು ಎಲ್ಲವನ್ನೂ ಅಂದಂದೇ ಕಂಪನಿಗೆ ಇಮೇಲ್ ಮಾಡಲಿ, ಒಂದು ಪ್ರತಿ ತನ್ನ ಬಳಿ ಇಟ್ಟುಕೊಳ್ಳಲಿ. ಆಮೇಲೆ ಕಾರ್ಮಿಕರ ಪರ ವಾದಿಸುವ ವಕೀಲರೊಬ್ಬರನ್ನು ಕಾಣಲಿ. ಒಳ್ಳೆಯವರು ಯಾರು ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

— ಸಂ.